ಸುಕ್ಕು ಬಿಡಿಸುವ ಸೂಜಿ ಮತ್ತು ಅನರ್ಥದಂಡ

'ಸುಕ್ಕುಗಳಿಂದ ಮುಕ್ತಿ' ಎಂಬ ಮಾತು ಇಂದು ನಮ್ಮ ನಗರಗಳ ಚರ್ಮಚಿಕಿತ್ಸಾಲಯಗಳ ಜಾಹೀರಾತುಗಳಲ್ಲಿ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಶಸ್ತ್ರಚಿಕಿತ್ಸೆಯಿಲ್ಲ, ಆಸ್ಪತ್ರೆಯಲ್ಲಿ ತಂಗಬೇಕಿಲ್ಲ, ಮಧ್ಯಾಹ್ನದ ಬಿಡುವಿನಲ್ಲಿ ಬಂದು ಹೋಗಬಹುದು, ಮನೆಯ ಮದುವೆಗೆ ಎರಡು ವಾರ ಮುಂಚೆ ಮಾಡಿಸಿಕೊಂಡರೆ ಸಾಕು ಎಂದು ಉಳಿದ ಸಾಲುಗಳು ಆಶ್ವಾಸನೆ ನೀಡುತ್ತವೆ. ಮುಕ್ತಿ ಎಂಬ ಶಬ್ದವನ್ನು ಜೈನನು ಅರ್ಥಮಾಡಿಕೊಳ್ಳುವ ಬಗೆಗೂ ಜಾಹೀರಾತಿನವರು ಬಳಸುವ ಬಗೆಗೂ ಅಜಗಜಾಂತರವಿದೆ. ಅಷ್ಟಕರ್ಮಗಳ ಕ್ಷಯದಿಂದ ಲಭಿಸುವ, ಒಮ್ಮೆ ಲಭಿಸಿದ ಮೇಲೆ ಮರಳಿ ಕಳೆಯದ ಸ್ಥಿತಿಗೆ ನಾವು ಆ ಹೆಸರನ್ನು ಕೊಟ್ಟಿದ್ದೇವೆ. ಈ ಸೂಜಿಯು ಕೊಡುವ ಮುಕ್ತಿಯ ಅವಧಿ ಮೂರು ನಾಲ್ಕು ತಿಂಗಳು ಮಾತ್ರ.

ಆದರೆ ಒಂದು ಶಬ್ದದ ದುರ್ಬಳಕೆಯನ್ನು ಹಿಡಿದು ಹಾಸ್ಯ ಮಾಡುವುದು ಸುಲಭದ ಕೆಲಸ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ನಿಜವಾಗಿ ವಿಮರ್ಶೆಗೆ ಯೋಗ್ಯವಾದ ಬರಹ ಇನ್ನೊಂದಿದೆ. ಅದು ಆ ಔಷಧದ ಪೆಟ್ಟಿಗೆಯೊಳಗೆ ಹಲವು ಮಡಿಕೆಗಳಲ್ಲಿ ಮಡಿಸಿಟ್ಟಿರುವ, ಸಣ್ಣಕ್ಷರದ ಮಾಹಿತಿ ಪತ್ರ. ಜಾಹೀರಾತನ್ನು ಸಾವಿರಾರು ಜನ ಓದುತ್ತಾರೆ, ಈ ಪತ್ರವನ್ನು ಓದುವವರು ವಿರಳ. ಇವೆರಡು ಬರಹಗಳ ನಡುವೆ ಇರುವ ಅಂತರವೇ ಪ್ರಸ್ತುತ ಲೇಖನದ ವಿಷಯ. ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕ ಶ್ರಾವಿಕೆಯರು ಆ ಅಂತರವನ್ನು ತಿಳಿದುಕೊಂಡೇ ತಮ್ಮ ನಿರ್ಧಾರವನ್ನು ಕೈಗೊಳ್ಳಬೇಕೆಂಬುದು ನನ್ನ ವಿನಂತಿ.

ಮೊದಲು ಈ ವಸ್ತುವಿನ ಪೂರ್ವವೃತ್ತಾಂತ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಲ್ಲಿ, ಕೆಟ್ಟುಹೋದ ಮಾಂಸದ ಸಾಸೇಜುಗಳನ್ನು ತಿಂದವರು ರೆಪ್ಪೆ ಎತ್ತಲಾರದೆ, ನುಂಗಲಾರದೆ, ಕಡೆಗೆ ಉಸಿರಾಡಲಾರದೆ ಸಾಯುತ್ತಿದ್ದರು. ಜಸ್ಟಿನಸ್ ಕೆರ್ನರ್ ಎಂಬ ವೈದ್ಯನು ಇಂತಹ ಪ್ರಕರಣಗಳನ್ನು ಶೇಖರಿಸಿ 1820ರ ಸುಮಾರಿಗೆ ಪ್ರಕಟಿಸಿದನು. ಆತ ಕವಿಯೂ ಹೌದು. ಆ ವಿಷದ ಸ್ವಲ್ಪಾಂಶವನ್ನು ತಾನೇ ಸೇವಿಸಿ ಪರಿಣಾಮವನ್ನು ಪರೀಕ್ಷಿಸಿದ್ದಲ್ಲದೆ, ಮುಂದೊಂದು ದಿನ ಇದೇ ಔಷಧವಾದೀತೆಂದು ಊಹಿಸಿದ್ದನು. 1895ರಲ್ಲಿ ಬೆಲ್ಜಿಯಮ್ಮಿನ ಎಲ್ಲೆಝೆಲ್ ಗ್ರಾಮದಲ್ಲಿ ಶವಸಂಸ್ಕಾರಕ್ಕೆ ಬಂದಿದ್ದ ವಾದ್ಯಗಾರರು ಹಂದಿಮಾಂಸವನ್ನು ತಿಂದು ಇದೇ ರೀತಿ ಹಾಸಿಗೆ ಹಿಡಿದಾಗ, ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿಯು ಈ ವಿಷವನ್ನು ಹುಟ್ಟಿಸುವ ಸೂಕ್ಷ್ಮಾಣುವನ್ನು ಪತ್ತೆಹಚ್ಚಿದನು. ಲ್ಯಾಟಿನ್ ಭಾಷೆಯಲ್ಲಿ ಸಾಸೇಜಿಗಿರುವ 'ಬೊಟುಲುಸ್' ಎಂಬ ಹೆಸರಿನಿಂದಲೇ ಬೊಟುಲಿನಂ ಎಂಬ ಹೆಸರು ಬಂದಿದೆ. ಬೊಟಾಕ್ಸ್ ಎಂಬುದು ಅದರಿಂದ ತಯಾರಾದ ಒಂದು ಔಷಧದ ವ್ಯಾಪಾರನಾಮ; ನಮ್ಮ ಜನ ಈಗ ಅದೇ ಬಗೆಯ ಎಲ್ಲ ಔಷಧಗಳಿಗೂ ಅದೇ ಹೆಸರನ್ನು ಹೇಳುತ್ತಾರೆ.

ಕೆರ್ನರನ ಊಹೆ ಸುಳ್ಳಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ನೇತ್ರತಜ್ಞ ಆಲನ್ ಸ್ಕಾಟ್ ಅವರು ಮೆಳ್ಳೆಗಣ್ಣನ್ನು ಶಸ್ತ್ರವಿಲ್ಲದೆ ಸರಿಪಡಿಸಲು ಈ ವಿಷವನ್ನು ಮೊದಲು ಕೋತಿಗಳ ಮೇಲೆ, ಅನಂತರ ಮನುಷ್ಯರ ಮೇಲೆ ಪ್ರಯೋಗಿಸಿದರು. 1989ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಮೆಳ್ಳೆಗಣ್ಣಿಗೂ, ಕಣ್ಣಿನ ರೆಪ್ಪೆಗಳು ತಮ್ಮಷ್ಟಕ್ಕೆ ಬಿಗಿದು ಮುಚ್ಚಿಕೊಳ್ಳುವ ರೋಗಕ್ಕೂ ಇದನ್ನು ಬಳಸಲು ಅನುಮತಿ ಕೊಟ್ಟಿತು. ಕೆನಡಾದ ವ್ಯಾಂಕೂವರ್ ನಗರದಲ್ಲಿ ನೇತ್ರತಜ್ಞೆ ಜೀನ್ ಕರೂಥರ್ಸ್ ಮತ್ತು ಅವರ ಪತಿ, ಚರ್ಮತಜ್ಞ ಅಲಾಸ್ಟೇರ್ ಕರೂಥರ್ಸ್, ರೆಪ್ಪೆಯ ರೋಗಕ್ಕೆ ಚುಚ್ಚುಮದ್ದು ಪಡೆದವರ ಹುಬ್ಬಿನ ನಡುವಣ ಗೆರೆಗಳೂ ಮಾಯವಾಗುವುದನ್ನು 1987ರ ಸುಮಾರಿಗೆ ಗಮನಿಸಿದರು. ಆ ಗೆರೆಗಳಿಗೆಂದೇ ಪ್ರತ್ಯೇಕ ಅನುಮತಿ ದೊರೆತದ್ದು 2002ರಲ್ಲಿ. ಕಣ್ಣಂಚಿನ ಗೆರೆಗಳಿಗೆ 2013ರಲ್ಲಿ, ಹಣೆಯ ಗೆರೆಗಳಿಗೆ 2017ರಲ್ಲಿ ಅನುಮತಿ ಬಂದಿತು. ರೋಗಕ್ಕೆಂದು ಹುಟ್ಟಿದ ಔಷಧವು ರೋಗವಲ್ಲದ್ದಕ್ಕೆ ದಾಟಿಕೊಂಡ ಹಾದಿ ಹೀಗಿದೆ.

ಅದರ ಕಾರ್ಯವಿಧಾನ ಸರಳವಾದುದು. ನರದ ತುದಿಯಿಂದ ಸ್ನಾಯುವಿಗೆ ಸಂದೇಶವನ್ನು ಒಯ್ಯುವ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವು ಹೊರಬೀಳದಂತೆ ಈ ವಿಷವು ತಡೆಯುತ್ತದೆ. ಸಂದೇಶ ತಲುಪದ ಸ್ನಾಯು ಸಂಕುಚಿಸುವುದಿಲ್ಲ. ಸ್ನಾಯು ಸಂಕುಚಿಸದಿದ್ದರೆ ಮೇಲಣ ಚರ್ಮ ನೆರಿಗೆಗಟ್ಟುವುದಿಲ್ಲ. ಕೆಲವು ತಿಂಗಳಲ್ಲಿ ನರವು ಚೇತರಿಸಿಕೊಳ್ಳುತ್ತದೆ, ಗೆರೆ ಮರಳುತ್ತದೆ, ಮತ್ತೆ ಸೂಜಿ ಬೇಕಾಗುತ್ತದೆ. ಹುಬ್ಬಿನ ನಡುವಣ ಗೆರೆಗಳಿಗೆ ಬೊಟಾಕ್ಸ್ ತಯಾರಕರು ಸೂಚಿಸುವ ಪ್ರಮಾಣ 20 ಯೂನಿಟ್: ಐದು ಕಡೆ, ಒಂದೊಂದು ಕಡೆಗೆ ನಾಲ್ಕು ಯೂನಿಟ್. ಚಿಕಿತ್ಸಾಲಯದವರು ದರ ಹೇಳುವುದೂ ಎಷ್ಟೋ ಕಡೆ ಯೂನಿಟ್ಟಿನ ಲೆಕ್ಕದಲ್ಲಿಯೇ.

ಹಾಗಾದರೆ ಯೂನಿಟ್ ಎಂದರೇನು? ಜಾಹೀರಾತು ಹೇಳದ ಸಂಗತಿ ಇದು. ಮಾಹಿತಿ ಪತ್ರವು ಇದನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತದೆ. ಇಲಿಗಳ ಒಂದು ಗುಂಪಿಗೆ ಹೊಟ್ಟೆಯೊಳಗೆ ಚುಚ್ಚಿದಾಗ ಅವುಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವೇ ಒಂದು ಯೂನಿಟ್. ನೂರು ಯೂನಿಟ್ಟಿನ ಒಂದು ಸೀಸೆಯಲ್ಲಿ ಇರುವ ವಿಷದ ತೂಕ ಗ್ರಾಮಿನ ಸುಮಾರು ಇಪ್ಪತ್ತು ಕೋಟಿಯ ಒಂದಂಶ. ಅಷ್ಟು ಸೂಕ್ಷ್ಮವಾದ ವಸ್ತುವನ್ನು ತಕ್ಕಡಿಯಲ್ಲಿಟ್ಟು ನಂಬಲಾಗದು. ತೂಗಿದರೂ ಅದರಲ್ಲಿ ಶಕ್ತಿಯುಳ್ಳ ಭಾಗವೆಷ್ಟು, ಶಕ್ತಿಗುಂದಿದ ಭಾಗವೆಷ್ಟು ಎಂದು ತಿಳಿಯದು. ಆದುದರಿಂದ ಪ್ರತಿಯೊಂದು ತಂಡದ ಔಷಧದ ಬಲವನ್ನೂ ಜೀವದ ಮೇಲೆಯೇ ಅಳೆಯುವ ಪದ್ಧತಿ ಬೆಳೆದುಬಂತು. ಬೇರೆ ಬೇರೆ ಪ್ರಮಾಣಗಳನ್ನು ಬೇರೆ ಬೇರೆ ಗುಂಪಿನ ಇಲಿಗಳಿಗೆ ಚುಚ್ಚಿ, ಮೂರು ನಾಲ್ಕು ದಿನ ಕಾದು, ಸತ್ತವುಗಳನ್ನು ಎಣಿಸುವುದು. ಅವು ಸಾಯುವುದು ಉಸಿರಾಟದ ಸ್ನಾಯುಗಳು ಕ್ರಮೇಣ ನಿಶ್ಚಲವಾಗುವುದರಿಂದ. ವುರ್ಟೆಂಬರ್ಗಿನ ರೋಗಿಗಳು ಸತ್ತದ್ದೂ ಹೀಗೆಯೇ. ಆ ಅವಧಿಯಲ್ಲಿ ಅವುಗಳಿಗೆ ಪ್ರಜ್ಞೆ ತಪ್ಪುವುದಿಲ್ಲ, ಏಕೆಂದರೆ ಈ ವಿಷವು ಸ್ನಾಯುವನ್ನು ತಡೆಯುವುದೇ ಹೊರತು ಅರಿವನ್ನಲ್ಲ.

ಇಲ್ಲಿ ನಿಂತು ಯೋಚಿಸಬೇಕಾದ ಅಂಶವೊಂದಿದೆ. ಪ್ರಾಣಿಗಳ ಮೇಲೆ ಒಮ್ಮೆ ಪ್ರಯೋಗವಾಗಿ, ಮುಂದೆ ಆ ಪ್ರಯೋಗದ ಅಗತ್ಯವಿಲ್ಲದೆ ತಯಾರಾಗುವ ಔಷಧಗಳು ಎಷ್ಟೋ ಇವೆ. ಅವುಗಳಲ್ಲಿ ಹಿಂಸೆಯು ಹಿಂದಿನದು, ಮುಗಿದುಹೋದದ್ದು. ಈ ಪದ್ಧತಿಯಲ್ಲಿ ಹಾಗಲ್ಲ. ಹೊಸ ತಂಡ ತಯಾರಾದಂತೆಲ್ಲ ಹೊಸ ಸಾವುಗಳು ಬೇಕಾಗುತ್ತವೆ. ಬೇಡಿಕೆ ಏರಿದರೆ ಅವೂ ಏರುತ್ತವೆ.

ಸತ್ಯಕ್ಕೆ ಅಪಚಾರವಾಗದಂತೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಬೊಟಾಕ್ಸ್ ತಯಾರಕರಾದ ಅಲರ್ಗಾನ್ ಕಂಪನಿಯವರು ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆಯೇ ಔಷಧದ ಬಲವನ್ನು ಅಳೆಯುವ ವಿಧಾನವೊಂದನ್ನು ರೂಪಿಸಿ, 2011ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆಯ ಒಪ್ಪಿಗೆಯನ್ನು ಪಡೆದರು. ಪ್ರಾಣಿದಯಾ ಸಂಘಗಳ ವರ್ಷಗಳ ಒತ್ತಾಯವೂ ಇದಕ್ಕೆ ಕಾರಣ. ಇದು ಸ್ವಾಗತಾರ್ಹ. ಮುಂದೆ ಬೇರೆ ಕೆಲವು ತಯಾರಕರೂ ಇದೇ ಹಾದಿ ಹಿಡಿದರು. ಆದರೆ ಈ ವಿಷವನ್ನು ಮಾರುವ ಕಂಪನಿಗಳು ಜಗತ್ತಿನಲ್ಲಿ ಹಲವು, ಒಬ್ಬರಿಗೆ ದೊರೆತ ಒಪ್ಪಿಗೆ ಎಲ್ಲರ ಸೀಸೆಗೂ ಅನ್ವಯಿಸುವುದಿಲ್ಲ. ಅಲ್ಲದೆ ಹೊಸ ವಿಧಾನವನ್ನು ಹೊಂದಿಸಿರುವುದೂ ಹಳೆಯ ಇಲಿಯ ಅಳತೆಗೇ. ಇಲಿಯು ಕಾರ್ಖಾನೆಯಿಂದ ಹೊರಗೆ ಹೋದರೂ ಯೂನಿಟ್ ಎಂಬ ಪದದ ಅರ್ಥದೊಳಗೆ ಉಳಿದುಕೊಂಡಿದೆ.

ಸೀಸೆಯೊಳಗಿನ ಉಳಿದ ವಸ್ತುಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ಬೊಟಾಕ್ಸಿನಲ್ಲಿ ಮನುಷ್ಯರ ರಕ್ತದಿಂದ ತೆಗೆದ ಅಲ್ಬುಮಿನ್ ಇದೆ. ಚೀನಾದಲ್ಲಿ ತಯಾರಾಗುವ ಒಂದು ಔಷಧದಲ್ಲಿ ಅದರ ಬದಲು ದನದ ಜೆಲಟಿನ್ ಇದೆ. ಆಹಾರದ ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ಹುಡುಕುವ ಅಭ್ಯಾಸ ನಮ್ಮ ಮಕ್ಕಳಿಗೂ ಬಂದಿದೆ. ಆದರೆ ಔಷಧಗಳಿಗೆ ಆ ನಿಯಮವಿಲ್ಲ.

ಸುಕ್ಕಿನ ಕೆಳಗೆ ತುಂಬುವ ಚುಚ್ಚುಮದ್ದುಗಳದು, ಅಂದರೆ ಫಿಲ್ಲರುಗಳದು, ಇನ್ನೊಂದು ಕಥೆ. ಅಮೆರಿಕದಲ್ಲಿ ಈ ಉದ್ದೇಶಕ್ಕೆ 1981ರಲ್ಲಿ ಮೊದಲು ಒಪ್ಪಿಗೆ ಪಡೆದ ವಸ್ತು ದನದ ಚರ್ಮದಿಂದ ತೆಗೆದ ಕೊಲಾಜೆನ್. ಅನಂತರ ಹಯಲುರಾನಿಕ್ ಆಮ್ಲದ ಕಾಲ ಬಂತು. ಅದನ್ನು ಕೋಳಿಹುಂಜಗಳ ಜುಟ್ಟಿನಿಂದ ತೆಗೆಯುತ್ತಿದ್ದರು. ಹುಂಜದ ಜುಟ್ಟಿನಿಂದ ತಯಾರಾದ ಫಿಲ್ಲರಿಗೆ 2004ರಲ್ಲಿ ಕೂಡ ಒಪ್ಪಿಗೆ ದೊರೆತಿತ್ತು. ಇಂದು ಬಳಕೆಯಲ್ಲಿರುವ ಇಂತಹ ಫಿಲ್ಲರುಗಳಲ್ಲಿ ಹೆಚ್ಚಿನವು ಸೂಕ್ಷ್ಮಾಣುಗಳನ್ನು ಬೆಳೆಸಿ ಪಡೆದ ಆಮ್ಲದಿಂದ ಆದವು. ಆದಕಾರಣ ಸೂಜಿಗಳೆಲ್ಲ ಒಂದೇ ಎಂದು ತಳ್ಳಿಹಾಕುವುದು ನ್ಯಾಯವಲ್ಲ, ಒಂದೊಂದನ್ನೂ ಅದರ ಮೂಲದಿಂದ ವಿಚಾರಿಸಬೇಕು.

ನಮ್ಮ ದೇಶದ ಕಾನೂನು ಇಲ್ಲಿ ಏನನ್ನುತ್ತದೆ? 2014ರಲ್ಲಿ ಭಾರತವು ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಅದೇ ವರ್ಷ, ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ನಿಷೇಧಿಸಿತು. ಜೈನ ಸಮಾಜವು ಸಂತೋಷಪಟ್ಟ ನಿರ್ಧಾರವದು. ಆದರೆ ಬೊಟುಲಿನಂ ಚುಚ್ಚುಮದ್ದು ಕಾನೂನಿನ ಕಣ್ಣಿನಲ್ಲಿ ಔಷಧ. ಮುಖಕ್ಕೆ ಹಚ್ಚುವ ಕುಂಕುಮಕ್ಕೂ ಕ್ರೀಮಿಗೂ ಅನ್ವಯಿಸುವ ನಿಷೇಧವು ಅದೇ ಮುಖಕ್ಕೆ ಚುಚ್ಚುವ ಸೂಜಿಗೆ ಅನ್ವಯಿಸುವುದಿಲ್ಲ. ಬಳಕೆ ಅಲಂಕಾರಕ್ಕಾಗಿದ್ದರೂ ರಕ್ಷಣೆ ಮಾತ್ರ ಔಷಧದ ಹೆಸರಿನಲ್ಲಿ ದೊರೆಯುತ್ತದೆ. ಜಾಹೀರಾತಿನಲ್ಲಿ 'ಸೌಂದರ್ಯ' ಎಂಬ ಶಬ್ದ ದಪ್ಪಕ್ಷರದಲ್ಲಿರುತ್ತದೆ, ಕಾನೂನಿನ ಕಾಗದದಲ್ಲಿ ಅದು ಇರುವುದಿಲ್ಲ.

ಈಗ ಶ್ರಾವಕಾಚಾರದ ದೃಷ್ಟಿಯಿಂದ ನೋಡೋಣ. ಗೃಹಸ್ಥನಿಗೆ ಹಿಂಸೆಯನ್ನು ಪೂರ್ಣವಾಗಿ ಬಿಡುವುದು ಸಾಧ್ಯವಿಲ್ಲವೆಂಬುದನ್ನು ನಮ್ಮ ಆಚಾರ್ಯರು ಬಲ್ಲರು. ಅಡುಗೆ, ಮನೆವಾರ್ತೆಗಳಲ್ಲಿ ಆಗುವ ಆರಂಭೀ ಹಿಂಸೆ, ಜೀವನೋಪಾಯದಲ್ಲಿ ಆಗುವ ಉದ್ಯೋಗೀ ಹಿಂಸೆ, ರಕ್ಷಣೆಯಲ್ಲಿ ಆಗುವ ವಿರೋಧೀ ಹಿಂಸೆ ಇವುಗಳನ್ನು ಮಿತಿಗೊಳಿಸಿ, ಸಂಕಲ್ಪೀ ಹಿಂಸೆಯನ್ನು ಬಿಡಬೇಕೆಂದು ಅವರು ವಿಧಿಸಿದರು. ಸುಕ್ಕಿನ ಸೂಜಿಯನ್ನು ಕೊಳ್ಳುವವಳಿಗೆ ಇಲಿಯನ್ನು ಕೊಲ್ಲುವ ಸಂಕಲ್ಪವಿಲ್ಲ, ಅದನ್ನು ಒಪ್ಪಬೇಕು. ಆದರೆ ಅಣುವ್ರತಗಳ ಜೊತೆಗೆ ಗುಣವ್ರತಗಳೂ ಇವೆ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡ ವಿರತಿಯು ಅಂತಹ ಒಂದು ಗುಣವ್ರತ. ಪ್ರಯೋಜನವಿಲ್ಲದೆ ಜೀವಿಗಳಿಗೆ ಒದಗುವ ದಂಡನೆಯೇ ಅನರ್ಥದಂಡ. ಅದರ ಭೇದಗಳಲ್ಲಿ ಒಂದಾದ ಪ್ರಮಾದಚರ್ಯೆಗೆ ಆಚಾರ್ಯರು ಕೊಡುವ ಉದಾಹರಣೆಗಳು ನಮ್ಮನ್ನು ಬೆರಗುಗೊಳಿಸುವಷ್ಟು ಸಣ್ಣವು: ಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕೀಳುವುದು. ಏಕೇಂದ್ರಿಯ ಜೀವಿಗಳ ವಿಷಯದಲ್ಲಿಯೇ ಇಷ್ಟು ಎಚ್ಚರ ಬೇಕೆಂದ ಮೇಲೆ, ಮನಸ್ಸುಳ್ಳ ಪಂಚೇಂದ್ರಿಯ ಜೀವಿಯೊಂದು ಮೂರು ದಿನ ಉಸಿರುಕಟ್ಟಿ ಸಾಯುವುದಕ್ಕೆ ನಮ್ಮ ಹುಬ್ಬಿನ ನಡುವಣ ಗೆರೆಯು ಸಾಕಷ್ಟು ಪ್ರಯೋಜನವೇ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅಲ್ಲ.

ಇದೇ ಮಾನದಂಡವು ರೋಗಿಯ ವಿಷಯದಲ್ಲಿ ಬೇರೆ ಉತ್ತರವನ್ನು ಕೊಡುತ್ತದೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ರೆಪ್ಪೆ ಬಿಗಿದುಕೊಂಡು, ಕಣ್ಣಿದ್ದೂ ಕುರುಡರಂತೆ ಬಾಳುವವರಿದ್ದಾರೆ. ಕತ್ತು ಒಂದು ಕಡೆಗೆ ತಿರುಚಿಕೊಂಡು ನೋವಿನಿಂದ ನಿದ್ರೆ ಬಾರದವರಿದ್ದಾರೆ. ಹುಟ್ಟಿನಿಂದ ಮಿದುಳಿಗೆ ಪೆಟ್ಟಾಗಿ, ಕಾಲಿನ ಸ್ನಾಯುಗಳು ಸೆಟೆದು ಹಿಮ್ಮಡಿಯೂರಲಾರದ ಮಕ್ಕಳಿದ್ದಾರೆ. ಇವರಿಗೆ ಈ ಔಷಧವೇ ಆಸರೆ. ಅಂತಹ ಮಗುವಿನ ತಾಯಿಯನ್ನು ಹಿಡಿದು ನಿಲ್ಲಿಸಿ ಇಲಿಯ ಲೆಕ್ಕ ಕೇಳುವುದು ಧರ್ಮವಲ್ಲ, ಕ್ರೌರ್ಯ. ಆಕೆಯು ಮರುಕದಿಂದ ಒಪ್ಪಿಕೊಳ್ಳುವ ಹಿಂಸೆ ಬೇರೆ, ಮದುವೆಯ ಛಾಯಾಚಿತ್ರಕ್ಕಾಗಿ ವಿಚಾರಿಸದೆ ಕೊಳ್ಳುವ ಹಿಂಸೆ ಬೇರೆ. ಸೀಸೆ ಎರಡು ಕಡೆಯೂ ಒಂದೇ ಆಗಿರಬಹುದು. ಇವೆರಡರ ನಡುವೆ ಸುಲಭವಾಗಿ ತೀರ್ಮಾನವಾಗದ ಪ್ರಸಂಗಗಳೂ ಉಂಟು. ಲಕ್ವ ಹೊಡೆದು ಮುಖದ ಒಂದು ಪಾರ್ಶ್ವ ಸೊಟ್ಟಗಾಗಿ, ಜನರ ಎದುರಿಗೆ ಬರಲು ಅಂಜುವವರಿಗೆ ಇನ್ನೊಂದು ಪಾರ್ಶ್ವವನ್ನು ಸರಿದೂಗಿಸಲು ಇದನ್ನು ಕೊಡುವುದುಂಟು. ಅದನ್ನು ಅಲಂಕಾರವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕೊಂದವರು ಕಾರ್ಖಾನೆಯವರು, ನಮಗೇನು ಸಂಬಂಧ ಎಂಬ ಮಾತು ಬರುತ್ತದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಓದಿದವರಿಗೆ ಈ ಮಾತು ಬಾಲಿಶವೆನಿಸುತ್ತದೆ. ಅಲ್ಲಿ ಯಶೋಧರನು ತಾಯಿಯ ಬಲವಂತಕ್ಕೆ ಮಣಿದು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಬೇಕಾಯಿತು. ಆದರೆ ಈ ಕಥೆಯನ್ನು ನಮ್ಮ ಉಪನ್ಯಾಸಕಾರರು ಅವಸರದಿಂದ ಎಲ್ಲದಕ್ಕೂ ಅನ್ವಯಿಸುತ್ತಾರೆ. ನೋಡಿದರೆ ಎರಡೂ ಪ್ರಸಂಗಗಳು ಒಂದಕ್ಕೊಂದು ವಿಲೋಮವಾಗಿವೆ. ಯಶೋಧರನಲ್ಲಿ ಕೊಲ್ಲುವ ಸಂಕಲ್ಪವಿತ್ತು, ಕೊಲ್ಲಲ್ಪಡುವ ಜೀವವಿರಲಿಲ್ಲ. ನಮ್ಮಲ್ಲಿ ಜೀವವಿದೆ, ಸಂಕಲ್ಪವಿಲ್ಲ. ಹಾಗಾಗಿ ಯಶೋಧರನ ಪಾಪವೇ ನಮ್ಮದೂ ಎನ್ನುವುದು ಸರಿಯಲ್ಲ. ಇಲ್ಲಿ ನೆರವಾಗುವುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ. ಪ್ರಾಣಹರಣವನ್ನು ಪ್ರಮಾದದೊಡನೆ ಸೇರಿಸಿಯೇ ಅವರು ಹಿಂಸೆಯ ಲಕ್ಷಣವನ್ನು ಹೇಳಿದ್ದಾರೆ. ತಿಳಿಯುವ ಅವಕಾಶವಿದ್ದೂ ತಿಳಿಯದೆ ಇರುವುದು ಪ್ರಮಾದ. ಮಾಹಿತಿ ಪತ್ರವು ಪೆಟ್ಟಿಗೆಯಲ್ಲಿಯೇ ಇದೆ. ಅದರಲ್ಲಿರುವುದನ್ನು ತಿಳಿದ ಮೇಲೂ ಹಣ ಕೊಟ್ಟರೆ ಅದು ಅನುಮೋದನೆ. ಅಂದ ಹಾಗೆ ಜನ್ನನ ಕಾವ್ಯದಲ್ಲಿ ಯಶೋಧರನ ತಂದೆ ಯಶೌಘನು ನರೆಗೂದಲನ್ನು ಕಂಡು ರಾಜ್ಯವನ್ನು ಮಗನಿಗೊಪ್ಪಿಸಿ ತಪಸ್ಸಿಗೆ ತೆರಳುತ್ತಾನೆ. ನಮ್ಮ ಕವಿಗಳಿಗೆ ನರೆತೆರೆಗಳು ಸುದ್ದಿ ತರುವ ದೂತರು. ದೂತನ ಬಾಯಿ ಮುಚ್ಚಿಸುವ ರಾಜನನ್ನು ಅವರು ವಿವೇಕಿಯೆನ್ನಲಿಲ್ಲ.

ಪಂಪನ ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ಇಲ್ಲಿ ನೆನೆಯದೆ ಇರಲಾರೆ. ನರ್ತಿಸುತ್ತಿದ್ದಂತೆಯೇ ಆಕೆಯ ಆಯುಷ್ಯ ಮುಗಿಯುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಕ್ಷಣಮಾತ್ರದಲ್ಲಿ ಅವಳಂತೆಯೇ ಇರುವ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಯಲ್ಲಿ ಯಾರಿಗೂ ಅದು ತಿಳಿಯುವುದಿಲ್ಲ, ಆದಿದೇವನೊಬ್ಬನು ಕಾಣುತ್ತಾನೆ. ಸುಕ್ಕಿನ ಸೂಜಿ ಮಾಡುವುದು ಇಂದ್ರನ ಕೆಲಸವನ್ನು: ನೃತ್ಯ ಎಲ್ಲಿಯೂ ತುಂಡಾಗಲಿಲ್ಲವೆಂದು ಸಭೆಯನ್ನು ನಂಬಿಸುವುದು. ಪಂಚಕಲ್ಯಾಣ ಮಹೋತ್ಸವಗಳಲ್ಲಿ ದೀಕ್ಷಾಕಲ್ಯಾಣದ ದಿನ ನಾವು ಈ ನೃತ್ಯವನ್ನು ಆಡಿಸಿ ನೋಡುತ್ತೇವೆ. ಅಂತಹ ಮಹೋತ್ಸವವೊಂದರ ಸ್ಮರಣ ಸಂಚಿಕೆಯಲ್ಲಿ ಸುಕ್ಕಿನ ಚುಚ್ಚುಮದ್ದಿನ ಪೂರ್ಣಪುಟದ ಜಾಹೀರಾತನ್ನು ಕಂಡು ನನಗೆ ಖೇದವಾಯಿತು. ಸಂಪಾದಕ ಮಂಡಳಿಯವರು ದುರುದ್ದೇಶದಿಂದ ಹಾಕಿದ್ದಲ್ಲ, ಯಾರೂ ಓದಿ ನೋಡಿರಲಿಲ್ಲ, ಅಷ್ಟೇ.

ನಮ್ಮ ತೀರ್ಥಂಕರ ಬಿಂಬಗಳೂ ಸುಕ್ಕಿಲ್ಲದ ಯೌವನದವೇ ಅಲ್ಲವೇ, ಶ್ರವಣಬೆಳಗೊಳದ ಗೊಮ್ಮಟೇಶ್ವರನ ಹಣೆಯಲ್ಲಿ ಒಂದು ಗೆರೆಯಾದರೂ ಇದೆಯೇ ಎಂದು ವಿದ್ಯಾವಂತ ತರುಣಿಯೊಬ್ಬಳು ನನ್ನನ್ನು ಕೇಳಿದಳು. ಪ್ರಶ್ನೆ ಚೆನ್ನಾಗಿದೆ. ಅರ್ಹಂತರ ಮೂರ್ತಿಯು ತರುಣವಾಗಿ, ರೂಪವಂತವಾಗಿ ಇರಬೇಕೆಂದು ವರಾಹಮಿಹಿರನ ಬೃಹತ್ಸಂಹಿತೆಯೂ ಹೇಳುತ್ತದೆ. ಆಪ್ತನಲ್ಲಿ ಇರದ ಹದಿನೆಂಟು ದೋಷಗಳಲ್ಲಿ ಜರೆಯೂ ಒಂದು. ಆದುದರಿಂದ ಮುಪ್ಪಿಲ್ಲದ ಸ್ಥಿತಿಯನ್ನು ಬಯಸುವುದು ಜೈನನಿಗೆ ಅಪರಾಧವಲ್ಲ. ಆದರೆ ಅದೇ ಪಟ್ಟಿಯಲ್ಲಿ ರಾಗವೂ ಮೋಹವೂ ಗರ್ವವೂ ಇವೆ. ಅವುಗಳನ್ನು ಹಾಗೆಯೇ ಇಟ್ಟುಕೊಂಡು ಜರೆಯೊಂದನ್ನು ಮಾತ್ರ ಬಿಡಿಸಿಕೊಳ್ಳಲು ಹೊರಡುವುದರಲ್ಲಿ ಕ್ರಮ ತಪ್ಪಿದೆ. ಇನ್ನು ಗೊಮ್ಮಟನ ಮುಖದಲ್ಲಿ ಗೆರೆಯಿಲ್ಲ, ನಿಜ; ಆದರೆ ಆ ತುಟಿಯಂಚಿನ ಮಂದಹಾಸ ಜಡವಾದ ಸ್ನಾಯುವಿನದಲ್ಲ.

ಇಷ್ಟು ಹೇಳಿ ನಮ್ಮ ಹೆಣ್ಣುಮಕ್ಕಳನ್ನು ದೂರಿ ಮುಗಿಸಿದರೆ ಅದು ಅನ್ಯಾಯವಾದೀತು. ವಪುವಿನ ಮದ, ಅಂದರೆ ದೇಹದ ಗರ್ವ, ಅಷ್ಟಮದಗಳಲ್ಲಿ ಒಂದೆಂದು ಪ್ರವಚನ ಮಾಡುವುದು ಸುಲಭ. ಆದರೆ ಬಹುಮಂದಿಯನ್ನು ಆ ಚಿಕಿತ್ಸಾಲಯಕ್ಕೆ ಕಳಿಸುವುದು ಗರ್ವವಲ್ಲ, ಅಂಜಿಕೆ. ವಧುವನ್ನು ನೋಡಲು ಬಂದು ಬಣ್ಣವನ್ನೂ ಪ್ರಾಯವನ್ನೂ ಅಳೆಯುವವರು ನಾವು. ಮಗಳ ಮದುವೆಯಲ್ಲಿ ತಾಯಿಗೆ 'ಬಹಳ ಇಳಿದುಹೋದಿರಿ' ಎನ್ನುವವರು ನಾವು. ಮೂವತ್ತು ದಾಟಿದ ಅವಿವಾಹಿತೆಯನ್ನು ವಧೂವರ ಸಮಾವೇಶದಲ್ಲಿ ಕೊನೆಯ ಸಾಲಿಗೆ ಸರಿಸುವವರೂ ನಾವೇ. ಗಂಡಸರ ನೆರೆತ ಮೀಸೆಗೆ ಗೌರವ ಕೊಡುವ ಸಮಾಜವು ಹೆಂಗಸರ ಹಣೆಯ ಗೆರೆಗೆ ಏಕೆ ಕೊಡುವುದಿಲ್ಲವೆಂಬುದಕ್ಕೆ ಉತ್ತರವಿಲ್ಲದೆ ಸೂಜಿಯನ್ನು ಮಾತ್ರ ಖಂಡಿಸುವುದರಲ್ಲಿ ಪ್ರಾಮಾಣಿಕತೆಯಿಲ್ಲ. ವಧೂವರ ಮಾಹಿತಿ ಪುಸ್ತಕಗಳನ್ನು ಪ್ರಕಟಿಸುವ ಸಂಸ್ಥೆಗಳು 'ಸುಂದರ, ಗೌರವರ್ಣ' ಎಂಬ ಕಲಮನ್ನು ಕಿತ್ತುಹಾಕಿದರೆ, ನೂರು ಪ್ರವಚನಗಳಿಗಿಂತ ಹೆಚ್ಚಿನ ಕೆಲಸವಾಗುತ್ತದೆ.

ಇನ್ನು ಬಸದಿಗಳ ವಿಶ್ವಸ್ತ ಮಂಡಳಿಗಳು ಮಾಡಬಹುದಾದದ್ದು. ಸ್ಮರಣ ಸಂಚಿಕೆಗೆ ಬರುವ ಜಾಹೀರಾತುಗಳಲ್ಲಿ ಮದ್ಯ, ಮಾಂಸ, ಚರ್ಮದ ವಸ್ತುಗಳನ್ನು ಬಿಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಆ ಪಟ್ಟಿಯಲ್ಲಿ ಇದನ್ನೂ ಸೇರಿಸಬಹುದು. ಚರ್ಮತಜ್ಞರು ರೋಗಗಳ ಚಿಕಿತ್ಸೆಗಾಗಿ ಕೊಡುವ ಜಾಹೀರಾತುಗಳಿಗೆ ಇದರಿಂದ ಅಡ್ಡಿಯಿಲ್ಲ. ಎರಡನೆಯದಾಗಿ, ಔಷಧದ ತಯಾರಕರಿಗೆ ಪತ್ರ ಬರೆಯಬೇಕು. ಈ ದೇಶದಲ್ಲಿ ನೀವು ಮಾರುವ ಸೀಸೆಯ ತಂಡವನ್ನು ಇಲಿಗಳ ಮೇಲೆ ಅಳೆಯುತ್ತೀರೋ, ಜೀವಕೋಶಗಳ ಮೇಲೆಯೋ? ಅದರಲ್ಲಿ ಸೇರಿಸಿದ ಪ್ರೋಟೀನು ಯಾವ ಮೂಲದ್ದು? ಒಬ್ಬ ರೋಗಿಯು ವೈದ್ಯರನ್ನು ಕೇಳಿದರೆ ಅವರಿಗೂ ತಿಳಿದಿರುವುದಿಲ್ಲ, ಕೇಳಿದವರಿಗೂ ಸಂಕೋಚ. ಒಂದು ಮಂಡಳಿಯು ತನ್ನ ಮುದ್ರೆಯೊತ್ತಿ ಕೇಳಿದರೆ ಲಿಖಿತ ಉತ್ತರ ಬರುವ ಸಂಭವ ಹೆಚ್ಚು, ಮೆಳ್ಳೆಗಣ್ಣಿನ ಮಗುವಿಗೂ ಸೆಟೆದ ಕಾಲಿನ ಮಗುವಿಗೂ ಔಷಧ ಕೊಡಿಸಬೇಕಾದ ನಮ್ಮ ಕುಟುಂಬಗಳಿಗೆ ಆ ಉತ್ತರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಉತ್ತರ ಬಂದಲ್ಲಿ ಈ ಪತ್ರಿಕೆಗೆ ಅದರ ಪ್ರತಿಯೊಂದನ್ನು ಕಳಿಸಿಕೊಟ್ಟರೆ, ಕಂಪನಿಯ ಹೆಸರು ಮತ್ತು ಪತ್ರದ ದಿನಾಂಕದೊಡನೆ ವಾಚಕರ ಮುಂದಿಡಲು ಸಾಧ್ಯವಾಗುತ್ತದೆ.